ಬೋನಿಗಿಂತ ಮೊದಲು ಕೊಟ್ಟಿಗೆಯ ಬಾಗಿಲು

ಕಳೆದ ವಾರ ರಾತ್ರಿ ಗುಬ್ಬಿ ತಾಲ್ಲೂಕಿನ ನಮ್ಮೂರಿನಿಂದ ಚಿಕ್ಕಪ್ಪನ ಮಗನ ಫೋನು. ‘ಅಕ್ಕಾ, ಚಿರತೆ ಒಂದು ಮೇಕೆ ಹೊತ್ಕೊಂಡು ಹೋಗೈತೆ, ಇನ್ನೊಂದರ ಕುತ್ತಿಗೆ ಕಚ್ಚಿ ಹಾಕೈತೆ. ಬೋನು ಇಡ್ಸೋಕೆ ಪೇಪರ್‌ಗೆ ಏನಾದ್ರೂ ಬರಿ.’ ಬರೆಯುತ್ತಿದ್ದೇನೆ. ಅವನು ಕೇಳಿದ್ದನ್ನು ಮಾತ್ರ ಅಲ್ಲ.

ನಾನಿರುವುದು ಮುಂಬೈನ ಮುಲುಂಡ್‌ನಲ್ಲಿ. ನಮ್ಮ ಸೊಸೈಟಿಯ ಹಿಂದೆ ಸ್ವಲ್ಪ ದೂರದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. ಸುಮಾರು 104 ಚದರ ಕಿಲೊಮೀಟರ್ ಕಾಡು. ಅದರಲ್ಲೂ ಸುತ್ತಮುತ್ತಲೂ 50ರ ಆಸುಪಾಸು ಚಿರತೆಗಳಿವೆ. 2004ರಲ್ಲಿ ಇಲ್ಲಿ ಒಂದರ ಹಿಂದೊಂದು ಸಾವುಗಳಾದವು. ಅಂಚಿನಲ್ಲಿ ಕಂಡ ಚಿರತೆಯನ್ನು ಹಿಡಿದು ಕಾಡಿನೊಳಗೆ ಬಿಡುತ್ತಿದ್ದ ಕಾಲ ಅದು. ಪುಣೆ ಬಳಿಯ ಜುನ್ನರ್‌ನಲ್ಲೂ ಕಬ್ಬಿನ ಗದ್ದೆಯ ಚಿರತೆಗಳನ್ನು ಹೀಗೇ ಸಾಗಿಸಿದರು. ದಾಳಿ ಇಳಿಯುವ ಬದಲು ಏರಿತು. ವಿದ್ಯಾ ಆತ್ರೇಯ ಅವರ ಅಧ್ಯಯನ ಇದನ್ನೇ ತೋರಿಸಿತು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಗಾಬರಿಯಲ್ಲಿ ಅಲೆಯುತ್ತದೆ, ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ.

2011ರಲ್ಲಿ ಇಲ್ಲಿನ ಅರಣ್ಯ ಇಲಾಖೆ ನಾಗರಿಕರನ್ನು ಜೊತೆಗೆ ಸೇರಿಸಿಕೊಂಡಿತು. ಆಮೇಲೆ ಆದ ಕೆಲಸದಲ್ಲಿ ಸಾಹಸವೇನೂ ಇಲ್ಲ. ಕಸ ತೆಗೆಯುವುದು. ಕಸವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ, ಅಷ್ಟೇ ಲೆಕ್ಕ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡದಿರುವುದು. ದೀಪ, ಶೌಚಾಲಯ. ನಮ್ಮ ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕಿಂತ ಕಸದ ಡಬ್ಬಿಯ ಮುಚ್ಚಳದ ಜಗಳವೇ ಜೋರು! ಹಾಗಂತ ದಾಳಿ ಪೂರ್ತಿ ನಿಂತಿಲ್ಲ. 2022ರಲ್ಲಿ ಆರೆ ಕಾಲೊನಿಯಲ್ಲಿ ಮಗುವೊಂದು ಬಲಿಯಾಯಿತು. ಅದನ್ನು ಮುಚ್ಚಿಟ್ಟು ಚಿರತೆಯ ಪರ ಮಾತಾಡುವುದು ನನ್ನಿಂದಾಗದು.

ನಮ್ಮೂರಿಗೆ ಬರೋಣ. ಕೆರೆ ಏರಿಯ ಕೆಳಗೆ ಕೋಳಿ ಅಂಗಡಿಯವರು ಸುರಿಯುವ ಪುಕ್ಕ, ಕರುಳಿನ ಗುಡ್ಡೆಯನ್ನು ಹೋದ ಯುಗಾದಿಯಲ್ಲಿ ನಾನೇ ಕಂಡೆ. ಅಲ್ಲಿಂದ ಚಿಕ್ಕಪ್ಪನ ಕೊಟ್ಟಿಗೆಗೆ ನೂರು ಹೆಜ್ಜೆ. ಕೊಟ್ಟಿಗೆಗೆ ಮೂರು ಕಡೆ ಗೋಡೆ, ಮುಂದೆ ಒಂದು ಅಡ್ಡಗಳು. ಚಿರತೆಯನ್ನು ಕರೆದು ಕೂರಿಸಿದ ಹಾಗಿದೆ.

ಇದನ್ನು ಹೇಳಿದಾಗ ತಮ್ಮ ಸಿಟ್ಟಾದ. ‘ಲಿಫ್ಟಲ್ಲಿ ಮೇಲೆ ಹೋಗೋರಿಗೆ ಏನ್ ಗೊತ್ತಾಯ್ತದೆ? ರಾತ್ರಿ ಕರೆಂಟು ಕೊಟ್ಟಾಗ ತೋಟಕ್ಕೆ ನೀರು ಬಿಡೋಕೆ ಹೋಗೋನು ನಾನು.’ ಅವನ ಮಾತು ಸುಳ್ಳಲ್ಲ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಜನ ಸತ್ತಿದ್ದನ್ನು ಅವನೂ ಓದಿದ್ದಾನೆ. ಮನುಷ್ಯರ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು, ಸುಮ್ಮನೆ ಕಣ್ಣಿಗೆ ಬಿದ್ದಿದ್ದಕ್ಕೆಲ್ಲ ಬೋನು ಕೇಳುವುದರ ಬಗ್ಗೆ.

ಹೊರಗಿರುವ ನಾವು ಊರಿನ ದೇವಸ್ಥಾನದ ಗೋಪುರಕ್ಕೆ, ಜಾತ್ರೆಯ ಅನ್ನದಾನಕ್ಕೆ ಚಂದಾ ಕಳಿಸುತ್ತೇವೆ. ಒಂದು ವರ್ಷ ಅದೇ ದುಡ್ಡು ನಾಲ್ಕು ಕೊಟ್ಟಿಗೆಗೆ ಜಾಲರಿ ಬಾಗಿಲಾಗಲಿ, ಕಟ್ಟೆಯಿಲ್ಲದ ಬಾವಿಗೆ ಕಟ್ಟೆಯಾಗಲಿ. ಬಾವಿಗೆ ಬೀಳುವುದು ಚಿರತೆಯೊಂದೇ ಅಲ್ಲವಲ್ಲ. ಊರಿನ ಗುಂಪಿಗೆ ಎಲ್ಲಿಯದೋ ಹಳೆಯ ವಿಡಿಯೊ ಬಂದರೆ ಮುಂದಕ್ಕೆ ತಳ್ಳಬೇಡಿ. ಅರಣ್ಯ ಸಹಾಯವಾಣಿ 1926 ಎಂದು ಹಾಕಿ. ಚಿರತೆ ಎಲ್ಲಾದರೂ ಸಿಕ್ಕಿಕೊಂಡರೆ ಮೊಬೈಲು ಹಿಡಿದು ಮುತ್ತಬೇಡಿ ಎಂದು ನಿಮ್ಮ ತಮ್ಮಂದಿರಿಗೆ ಹೇಳಿ. ಗಾಯಗಳಾಗುವುದು ಬಹುಪಾಲು ಆ ನೂಕುನುಗ್ಗಲಿನಲ್ಲೇ. ಕಬ್ಬು ಕಡಿಯುವಾಗ ಮರಿ ಸಿಕ್ಕಿದರೆ ಮನೆಗೆ ತರದೆ ಇಲಾಖೆಗೆ ತಿಳಿಸಲಿ. ಅಲ್ಲೇ ಬಿಟ್ಟರೆ ಎಷ್ಟೋ ಸಲ ಕತ್ತಲಾದ ಮೇಲೆ ತಾಯಿಯೇ ಬಂದು ಕಚ್ಚಿಕೊಂಡು ಹೋಗುತ್ತದೆ.

ಮೊನ್ನೆ ಬಾಗಿಲಿಗೂ ಜಾಲರಿಗೂ ದುಡ್ಡು ಹಾಕಿದೆ. ಸಂಜೆ ತಮ್ಮನ ಮೆಸೇಜು ಬಂತು: ‘ಬಾಗಿಲು ಮಾಡಿಸ್ತೀನಿ ಅಕ್ಕಾ. ಕೋಳಿ ಅಂಗಡಿಯವನಿಗೆ ಯಾರು ಹೇಳೋದು? ಅವನು ಪಂಚಾಯಿತಿ ಮೆಂಬರ್ ಭಾಮೈದ.’