ಗೃಹಸ್ಥರಿಗೆ ನಾಲ್ಕು ಮಾತು: ಬೆಳ್ಳಿಯ ನಾಣ್ಯವೂ ಹುಸಿಮುದ್ರೆಯೂ

ವಾಚಕರಲ್ಲಿ ಅನೇಕರ ಮನೆಗಳಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಚಿಕ್ಕ ಗಂಟೊಂದು ಇರುವುದುಂಟು. ಅದರೊಳಗೆ ಅಜ್ಜಿಯ ಕಾಲದ ನಾಲ್ಕಾರು ಬೆಳ್ಳಿಯ ರೂಪಾಯಿಗಳಿರುವುವು. ಅವನ್ನು ಕಲಶದ ಮುಂದಿಟ್ಟು, ಅರಿಸಿನ ಕುಂಕುಮಗಳನ್ನೇರಿಸಿ, ಮಾರನೆಯ ದಿನ ಮತ್ತೆ ಗಂಟುಕಟ್ಟಿ ಇಡುವರು. ಆ ನಾಣ್ಯಗಳ ಮೈಮೇಲಿನ ಸಣ್ಣ ಸಣ್ಣ ಗಾಯಗಳಿಗೆ ಅರ್ಥವೇನೆಂದು ವಿಚಾರಿಸಿದವರು ವಿರಳ. ಹಾಗೆ ವಿಚಾರಿಸದೆ ಇದ್ದುದರಿಂದ ನಮಗೆ ಬೇಕಾದ ಒಂದು ಮನೆಗೆ ಒದಗಿದ ನಷ್ಟವನ್ನು ಈ ತಿಂಗಳು ಹೇಳಬೇಕಾಗಿದೆ.

ನಮ್ಮ ಹಳೆಯ ಶಿಷ್ಯನೊಬ್ಬನು ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಯನ್ನಿಟ್ಟುಕೊಂಡಿರುವನು. ಹಳೆಯ ನಾಣ್ಯಗಳನ್ನು ಕೂಡಿಸುವ ಹವ್ಯಾಸ ಅವನಿಗೆ ಈಚೆಗೆ ಹತ್ತಿತು. ಹರಿಹರಕ್ಕೆ ದೇವರ ದರ್ಶನಕ್ಕೆ ಹೋದಾಗ, ಪರಿಚಯವಿಲ್ಲದ ಒಬ್ಬಾತನು ಅಂಗೈಯಗಲದ ಬೆಳ್ಳಿಯ ಡಾಲರೊಂದನ್ನು ತೋರಿಸಿದನಂತೆ. ಅದರ ಮೇಲೆ ಆರು ಚಿಕ್ಕ ಮುದ್ರೆಗಳಿದ್ದುವು. ಹರಿಹರದಲ್ಲಿ ದಂಡು ಇದ್ದ ಕಾಲದಲ್ಲಿ ಸಿಪಾಯಿಯೊಬ್ಬನು ಚೀನಾ ಯುದ್ಧಕ್ಕೆ ಹೋಗಿ ಮರಳುವಾಗ ತಂದುದು ಅದು. ಆ ಆರು ಮುದ್ರೆಗಳು ಚೀನೀ ವರ್ತಕರು ಪರೀಕ್ಷಿಸಿ ಹೊಡೆದುವು. ಮುದ್ರೆಯೊಂದಕ್ಕೆ ಇಷ್ಟೆಂದು ಬೆಲೆ ಏರುವುದು. ಇದು ಮಾರಿದಾತನು ಹೇಳಿದ ಕಥೆ. ನಮ್ಮ ಶಿಷ್ಯನು ಹದಿನೈದು ಸಾವಿರ ರೂಪಾಯಿಗಳನ್ನು ಕೊಟ್ಟನು. ಅದೂ ಸಾಲದೆ, ಮರುದಿನ ತಾಯಿಯ ಗಂಟಿನಲ್ಲಿದ್ದ ಹನ್ನೊಂದು ಕಂಪನಿ ರೂಪಾಯಿಗಳನ್ನೂ ಒಯ್ದು ಒಪ್ಪಿಸಿದನು. ಅವುಗಳಲ್ಲಿ ಏಳರ ಮೇಲೆ ಚುಕ್ಕಿಯಂತೆಯೂ ಹೂವಿನಂತೆಯೂ ಸಣ್ಣ ಗುರುತುಗಳಿದ್ದುದರಿಂದ, ‘ಇವು ಗಾಯದ ನಾಣ್ಯ, ಬರಿಯ ಬೆಳ್ಳಿಯ ತೂಕಕ್ಕೆ ಹಿಡಿಯುವೆನು’ ಎಂದು ಆತನು ಹೇಳಿದನಂತೆ. ತನ್ನ ನಾಣ್ಯದ ಮೇಲಿನ ಪೆಟ್ಟಿಗೆ ಹೊಗಳಿಕೆ, ಕೊಳ್ಳುವವನ ನಾಣ್ಯದ ಮೇಲಿನ ಪೆಟ್ಟಿಗೆ ತೆಗಳಿಕೆ! ಇಲ್ಲಿಯೇ ಸಂಶಯ ಹುಟ್ಟಬೇಕಾಗಿತ್ತು.

ಆ ಹನ್ನೊಂದು ರೂಪಾಯಿಗಳನ್ನು ಒಂದು ದೀಪಾವಳಿಯಲ್ಲಿ ನಾವೇ ಕಂಡಿದ್ದೆವು. 1835ರ ಮತ್ತು 1840ರ ನಾಣ್ಯಗಳು ಅವು. ಕಂಡೂ, ಆ ಗುರುತುಗಳ ವಿಷಯವಾಗಿ ಒಂದು ಮಾತನ್ನೂ ಆಡದೆ ಫಲಾಹಾರ ಮಾಡಿ ಎದ್ದು ಬಂದೆವು. ಬಲ್ಲವನು ಸುಮ್ಮನಿದ್ದುದೂ ಒಂದು ತಪ್ಪೇ. ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ಈಗ ಹೇಳುತ್ತೇವೆ.

ನಾಣ್ಯವು ಟಂಕಸಾಲೆಯಿಂದ ಹೊರಬಿದ್ದ ಮೇಲೆ ಬೇರೊಬ್ಬರು ಅದರ ಮೇಲೆ ಒತ್ತಿದ ಗುರುತನ್ನು ಮೇಲ್ಮುದ್ರೆಯೆನ್ನೋಣ. ನಮ್ಮ ದೇಶದಲ್ಲಿ ಇದು ಬಹು ಹಳೆಯದು. ಬುದ್ಧನ ಕಾಲದಿಂದೀಚೆಗೆ ಬಳಕೆಯಲ್ಲಿದ್ದ ಬೆಳ್ಳಿಯ ಕಾರ್ಷಾಪಣಗಳ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಪರೀಕ್ಷೆಯ ಗುರುತುಗಳು ಕಾಣುವುವು. ಕೌಟಿಲ್ಯನು ನಾಣ್ಯಪರೀಕ್ಷೆಗೆ ರೂಪದರ್ಶಕನೆಂಬ ಅಧಿಕಾರಿಯನ್ನು ಹೇಳಿರುವನಲ್ಲದೆ, ಕೂಟರೂಪಕಾರಕನನ್ನು, ಎಂದರೆ ಖೊಟ್ಟಿ ನಾಣ್ಯ ಮಾಡುವವನನ್ನು, ಪತ್ತೆಹಚ್ಚುವ ಬಗೆಯನ್ನೂ ತಿಳಿಸಿರುವನು. ಪರದೇಶದ ಬೆಳ್ಳಿಯೂ ನಮಗೆ ಹೊಸದಲ್ಲ. ದಾವಣಗೆರೆಗೆ ಸಮೀಪವಾದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿರುವುವು; 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅಂತಹವುಗಳ ನಿಧಿಯೇ ಸಿಕ್ಕಿತು. ತೆಲುಗು ನಾಡಿನ ಅಕ್ಕನಪಲ್ಲಿಯಲ್ಲಿ ಸಿಕ್ಕ ಸಾವಿರಕ್ಕೂ ಮಿಕ್ಕ ರೋಮನ್ ನಾಣ್ಯಗಳಲ್ಲಿ ಅನೇಕವುಗಳ ಮೇಲೆ ಇಂತಹ ಮೇಲ್ಮುದ್ರೆಗಳುಂಟು.

ನಮ್ಮ ಊರಿನ ಪೇಟೆಯ ಸಂಗತಿಯನ್ನೇ ನೋಡಿರಿ. ಹೈದರಾಲಿಯು ದಾವಣಗೆರೆಯನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರಿಗೆ ಆಶ್ರಯವಿತ್ತು ನೆಲೆಗೊಳಿಸಿದನೆಂದೂ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಿಂದ ತಿಳಿಯುವುದು. ಆ ಕಾಲದ ಮೈಸೂರು ಸೀಮೆಯಲ್ಲಿ ಇಕ್ಕೇರಿ ವರಹ, ಬಹದ್ದೂರಿ ವರಹ, ಕಂಠೀರಾಯ ಹಣ, ಟೀಪುವಿನ ಇಮಾಮಿ ರೂಪಾಯಿ ಮೊದಲಾಗಿ ಹಲವು ಟಂಕಸಾಲೆಗಳ ನಾಣ್ಯಗಳು ಓಡಾಡುತ್ತಿದ್ದುವು. ಯಾವುದು ಒಳ್ಳೆಯದು, ಯಾವುದಕ್ಕೆ ಎಷ್ಟು ವಟ್ಟ ಕಳೆಯಬೇಕೆಂಬುದನ್ನು ಹೇಳುವವನು ನೋಟಗಾರ ಅಥವಾ ಶರಾಫ. ಇಂತಹವನು ನಾಣ್ಯವನ್ನು ಕಲ್ಲಿನ ಮೇಲೆ ಸದ್ದುಮಾಡಿಸಿ, ಸಂಶಯ ಬಂದರೆ ಉಳಿಯಿಂದ ಚುಚ್ಚಿ ಒಳಗಿನ ಲೋಹವನ್ನು ನೋಡಿ, ತನ್ನ ಗುರುತನ್ನು ಒತ್ತುತ್ತಿದ್ದನು. 1835ರಲ್ಲಿ ಕಂಪನಿ ಸರ್ಕಾರದವರು 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯ ಒಂದೇ ಬಗೆಯ ರೂಪಾಯಿಯನ್ನು ಹೊರಡಿಸಿದ ಮೇಲೆಯೂ ಈ ಪದ್ಧತಿ ಕೂಡಲೆ ನಿಲ್ಲಲಿಲ್ಲ. ಆ ತಾಯಿಯ ಏಳು ರೂಪಾಯಿಗಳ ಗಾಯಗಳು ಇಂತಹವು. ಅವು ಕಳಂಕವಲ್ಲ, ಸಾಕ್ಷಿ.

ಇದೇ ಪದ್ಧತಿ ಚೀನಾ ದೇಶದಲ್ಲಿಯೂ ಇತ್ತು. ಅಲ್ಲಿನ ವರ್ತಕರು ಹೊಡೆದ ಗುರುತಿಗೆ ಇಂಗ್ಲಿಷರು ‘ಚಾಪ್’ ಎನ್ನುವರು. ಅದು ನಮ್ಮ ‘ಛಾಪು’ ಎಂಬ ಮಾತೇ. ಪೂರ್ವದೇಶಗಳ ವ್ಯಾಪಾರಕ್ಕಾಗಿ ಬ್ರಿಟಿಷರು 1895ರಿಂದ 1935ರವರೆಗಿನ ವರ್ಷಗಳನ್ನು ಹೊತ್ತ ‘ಟ್ರೇಡ್ ಡಾಲರು’ಗಳನ್ನು ಹೊರಡಿಸಿದರು. ಅವು ಬಹುಮಟ್ಟಿಗೆ ಮುಂಬಯಿಯ ಟಂಕಸಾಲೆಯಲ್ಲಿ ತಯಾರಾದುವು. ಒಂದು ಬದಿಯಲ್ಲಿ ತ್ರಿಶೂಲವನ್ನು ಹಿಡಿದು ನಿಂತ ಬ್ರಿಟಾನಿಯಾ ದೇವಿ, ಇನ್ನೊಂದು ಬದಿಯಲ್ಲಿ ಚೀನೀ ಮತ್ತು ಮಲಯ ಬರಹ, ತೂಕ 26.95 ಗ್ರಾಂ, ನೂರರಲ್ಲಿ 90 ಪಾಲು ಬೆಳ್ಳಿ. ನಮ್ಮ ಶಿಷ್ಯನು ಕೊಂಡುದು ಈ ಜಾತಿಯದು.

ಹುಸಿಯಾದ ಮೇಲ್ಮುದ್ರೆಯೂ ಇಂದಿನ ಕುತಂತ್ರವಲ್ಲ. 1797ರಲ್ಲಿ ಇಂಗ್ಲೆಂಡಿನಲ್ಲಿ ಬೆಳ್ಳಿಯ ನಾಣ್ಯಕ್ಕೆ ಅಭಾವ ಬಂದಾಗ, ಸ್ಪೇನ್ ದೇಶದ ಡಾಲರುಗಳ ಮೇಲೆ ಮೂರನೆಯ ಜಾರ್ಜ್ ದೊರೆಯ ಮುಖವನ್ನು ಅಂಡಾಕಾರವಾಗಿ ಒತ್ತಿ 4 ಷಿಲಿಂಗ್ 9 ಪೆನ್ಸ್ ಬೆಲೆಗೆ ಬಿಟ್ಟರು. ಒತ್ತಿದ ಡಾಲರಿನ ಬೆಲೆಯು ಒತ್ತದ ಡಾಲರಿಗಿಂತ ಹೆಚ್ಚಾದಾಗ ವಂಚಕರೂ ಅಂತಹ ಮುದ್ರೆಯನ್ನು ಮಾಡಿಕೊಂಡು ಒತ್ತತೊಡಗಿದರು. 1804ರಲ್ಲಿ ಎಂಟು ಮೂಲೆಯ ಬೇರೆ ಮುದ್ರೆಯನ್ನು ತಂದರೂ ಹಾವಳಿ ನಿಲ್ಲಲಿಲ್ಲ. ಕೊನೆಗೆ ಆ ಡಾಲರುಗಳ ಇಡೀ ಮೈಮೇಲೆ ಹೊಸ ಅಚ್ಚನ್ನೇ ಹಾಕಬೇಕಾಯಿತು.

ಈ ವಿಷಯದ ತಿರುಳು ಇಷ್ಟೇ. ಹಿಂದೆ ಮೇಲ್ಮುದ್ರೆಯ ಬೆಲೆಯೆಂದರೆ ಅದನ್ನು ಒತ್ತಿದವನ ಮಾತಿನ ಬೆಲೆ. ಆ ಗುರುತನ್ನು ಬಲ್ಲವರಿಗೆ ಅದು ಭರವಸೆ, ಅರಿಯದವರಿಗೆ ಬರಿಯ ಗಾಯ. ಇಂದು ಆ ನೋಟಗಾರನೂ ಇಲ್ಲ, ಅವನ ಅಂಗಡಿಯೂ ಇಲ್ಲ. ಆದರೂ ಸಂಗ್ರಾಹಕರು ಗಾಯಕ್ಕೇ ಹೆಚ್ಚು ಹಣ ಕೊಡುವರು. ಆದುದರಿಂದ ವಂಚಕನಿಗೆ ನಾಣ್ಯವನ್ನು ಎರಕಹೊಯ್ಯುವ ಶ್ರಮವೇ ಬೇಡವಾಯಿತು. ಒಳ್ಳೆಯ ನಾಣ್ಯಕ್ಕೆ ಒಂದು ಪೆಟ್ಟು ಕೊಟ್ಟರೆ ಸಾಕು. ಪಾಣಿನಿಯು ರೂಪ್ಯವೆಂಬ ಶಬ್ದವನ್ನು ಸಾಧಿಸುವಾಗ ‘ಆಹತ’ ಎಂದರೆ ಪೆಟ್ಟುಬಿದ್ದುದು, ‘ಪ್ರಶಂಸೆ’ ಎಂದರೆ ಹೊಗಳಿಕೆ, ಎಂದು ಎರಡು ಅರ್ಥಗಳನ್ನು ಹೇಳಿರುವನು. ನಮ್ಮ ‘ರೂಪಾಯಿ’ ಹುಟ್ಟಿದುದು ಆ ಶಬ್ದದಿಂದಲೇ. ಹಿಂದಿನವರು ನಂಬಿಕೆಗಾಗಿ ಪೆಟ್ಟು ಹಾಕುತ್ತಿದ್ದರು. ಇಂದಿನ ವಂಚಕನು ಪ್ರಶಂಸೆಗಾಗಿಯೇ ಪೆಟ್ಟು ಹಾಕುವನು.

ಶಿಷ್ಯನು ಡಾಲರನ್ನು ತಂದಾಗ ಮೊದಲು ಕಥೆಯನ್ನು ಪರೀಕ್ಷಿಸಿದೆವು. ಹರಿಹರದ ಬಳಿ ದಂಡು ಇದ್ದುದು ನಿಜ. ಮದ್ರಾಸು ಸೈನ್ಯದ ದಳಗಳು 1840ರಿಂದ 1842ರವರೆಗಿನ ಚೀನಾ ಯುದ್ಧಕ್ಕೆ ಹೋದುದೂ ನಿಜ. ಆದರೆ ಹರಿಹರದಲ್ಲಿ ದಂಡು ಇದ್ದುದು 1865ರವರೆಗೆ ಮಾತ್ರ. ಡಾಲರಿನ ಮೇಲಿನ ವರ್ಷ 1899. ಸಿಪಾಯಿಯು ಇನ್ನೂ ಹುಟ್ಟದ ನಾಣ್ಯವನ್ನು ಹೇಗೆ ತಂದಾನು? ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ಕೂಡಿಸಿದರೆ ಮೂರೂ ನಿಜದಂತೆ ತೋರುವುವು.

ಬಳಿಕ ಗೆಳೆಯರಾದ ಅಕ್ಕಸಾಲಿಗರ ಮನೆಯಲ್ಲಿ ತೂಗಿ ನೋಡಿದೆವು. ತೂಕ ಸರಿಯಾಗಿತ್ತು. ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು, ಅಂಕೆಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಮುಳುಗಿಸಿದರೆ ತಕ್ಕಡಿಯು ತೋರಿಸುವ ಅಂಕೆಯಿಂದ ನಾಣ್ಯದ ತೂಕವನ್ನು ಭಾಗಿಸಬೇಕು. ಇಂತಹ ಬೆಳ್ಳಿಗೆ ಸುಮಾರು 10.3 ಬರಬೇಕು, ಹಿತ್ತಾಳೆಗೆ ಸುಮಾರು ಎಂಟೂವರೆ ಬರುವುದು. ಸವೆಯದ ಕಂಪನಿ ರೂಪಾಯಿಯಾದರೆ ತೂಕ 11.66 ಗ್ರಾಂ, ನೀರಿನ ಅಂಕೆ 1.13. ಡಾಲರು ಈ ಪರೀಕ್ಷೆಯಲ್ಲಿಯೂ ಗೆದ್ದಿತು. ಬೆಳ್ಳಿ ಸಾಚಾ.

ಆದರೆ ಭೂತಗನ್ನಡಿಯ ಕೆಳಗೆ ಮುದ್ರೆಗಳು ಸೋತುವು. ದೇವಿಯ ಮುಖವು ಬಳಸಿ ಬಳಸಿ ನುಣುಪಾಗಿತ್ತು. ಮುದ್ರೆಗಳ ಸುತ್ತ ಉಬ್ಬಿದ ಅಂಚು ಮಾತ್ರ ಉಗುರಿಗೆ ಚುರುಕಾಗಿ ತಾಗುತ್ತಿತ್ತು. ಆರೂ ಒಂದೇ ಆಳದವು. ಅವುಗಳಲ್ಲಿ ಎರಡು ಒಂದೇ ಉಳಿಯಿಂದ ಬಿದ್ದುವು, ಎರಡರಲ್ಲಿಯೂ ಗೆರೆಯೊಂದು ಒಂದೇ ಕಡೆ ಮುರಿದಿತ್ತು. ಕುಳಿಯೊಳಗಿನ ಕಪ್ಪು ಒದ್ದೆಯ ಹತ್ತಿಗೆ ಅಂಟಿಬಂದು, ಅಡಿಯಲ್ಲಿ ಹೊಸ ಬೆಳ್ಳಿ ಬೆಳಗಿತು. ಹಲವು ಊರುಗಳಲ್ಲಿ, ಹಲವು ವರ್ಷಗಳಲ್ಲಿ, ಹಲವು ಕೈಗಳು ಒತ್ತಿದ ಗುರುತುಗಳು ಹೀಗಿರಲಾರವು. ಇವುಗಳಲ್ಲಿ ಯಾವುದೊಂದು ಲಕ್ಷಣವೂ ತಾನೊಂದೇ ನಿರ್ಣಾಯಕವಲ್ಲ. ಎಲ್ಲವೂ ಒಂದೇ ದಿಕ್ಕನ್ನು ತೋರಿಸಿದಾಗ ತೀರ್ಮಾನಕ್ಕೆ ಬರಬಹುದು.

ಗೃಹಸ್ಥರು ನೆನಪಿಡತಕ್ಕ ವಿಷಯಗಳು ಕೆಲವುಂಟು. ನಾಣ್ಯವನ್ನೂ ಮುದ್ರೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಂದು ಸಾಚಾ ಆದುದರಿಂದ ಇನ್ನೊಂದೂ ಸಾಚಾ ಆಗದು. ನಾಣ್ಯದ ವರ್ಷವನ್ನೂ ಕಥೆಯ ವರ್ಷವನ್ನೂ ಹೋಲಿಸಬೇಕು. ಒಂದೇ ಮುದ್ರೆಗಳು ಒಂದೇ ಸ್ಥಾನದಲ್ಲಿರುವ ಎರಡು ನಾಣ್ಯಗಳು ಕಂಡುಬಂದರೆ, ಅವು ಎರಕದವೆಂದು ಶಂಕಿಸಬೇಕು. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯಂತೆ ಪುರಾವಸ್ತು. ಅದರ ವ್ಯಾಪಾರಕ್ಕೆ ಲೈಸನ್ಸು ಬೇಕು. ಆದುದರಿಂದ ಹೆಸರು, ವಿಳಾಸ, ರಸೀದಿಗಳನ್ನು ಕೊಡಲೊಪ್ಪದವನಿಂದ ಕೊಳ್ಳಲೇಬಾರದು. ಮನೆಯ ಹೆಂಗಸರಲ್ಲಿ ಒಂದು ವಿಜ್ಞಾಪನೆ: ಪೂಜೆಗೆಂದು ಹಳೆಯ ನಾಣ್ಯವನ್ನು ಹುಣಸೆಹಣ್ಣು ಬೂದಿಗಳಿಂದ ತಿಕ್ಕಬೇಡಿರಿ. ಶತಮಾನದ ಕಪ್ಪೇ ಅದರ ಸಾಕ್ಷಿ, ಬೆಳ್ಳಗಿರುವುದೆಲ್ಲ ಹಾಲಲ್ಲ.

ಶಿಷ್ಯನು ಎರಡು ಸಲ ಹರಿಹರಕ್ಕೆ ಹೋಗಿ ಹುಡುಕಿದನು, ಮಾರಿದಾತನು ಸಿಕ್ಕಲಿಲ್ಲ. ‘ಅದೇ ಕಥೆ ಹೇಳಿ ಬೇರೆಯವರಿಗೆ ದಾಟಿಸು’ ಎಂದು ಬುದ್ಧಿ ಹೇಳಿದ ಸ್ನೇಹಿತರೂ ಇದ್ದರಂತೆ. ಅವನ ತಾಯಿಯವರು ನಮ್ಮನ್ನು ಕೇಳಿದುದು ಒಂದೇ ಮಾತು: ‘ಮೇಷ್ಟ್ರೇ, ನಮ್ಮತ್ತೆಯವರು ಕೊಟ್ಟ ಆ ಹನ್ನೊಂದು ರೂಪಾಯಿ ತಿರುಗಿ ಸಿಗ್ತಾವೇನ್ರೀ?’ ಉತ್ತರ ಕೊಡಲಾರದೆ ಹೋದೆವು. ಆಗ ಅವರು ಮಗನ ಕಡೆ ತಿರುಗಿ, ‘ಹೋದದ್ದು ನಮ್ಮನೇಲೇ ನಿಲ್ಲಲಿ, ಇನ್ನೊಬ್ಬರ ಮನೆಗೆ ಕಳಿಸಬೇಡಪ್ಪಾ’ ಎಂದರು.

ನಮ್ಮೆದುರಿಗೇ ಅವನು ಒಂದು ಚೀಟಿಯಲ್ಲಿ ‘ನಾಣ್ಯ ಸಾಚಾ, ಮೇಲ್ಮುದ್ರೆ ಹುಸಿ’ ಎಂದು ಬರೆದು ಡಾಲರಿನೊಡನೆ ಗಂಟಿನಲ್ಲಿಟ್ಟನು. ಮೊಮ್ಮಕ್ಕಳು ಅದನ್ನು ಬಿಚ್ಚಿದಾಗ ತಾವೂ ಮೋಸಹೋಗರು, ಇತರರನ್ನೂ ಮೋಸಗೊಳಿಸರು. ವಾಚಕರೂ ಈ ದೀಪಾವಳಿಗೆ ತಮ್ಮ ಗಂಟನ್ನು ಬಿಚ್ಚಿ, ಯಾವ ನಾಣ್ಯ ಯಾರಿಂದ ಬಂದಿತೆಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಲಿ. ಇತ್ಯಲಮ್.