ಮೂರು ನಿಮಿಷದ ಲೆಕ್ಕ



ನಿಮ್ಮ ಮಗಳು ಒಂದು ಸಂಜೆ ಕಾಲೇಜಿನಿಂದ ಬಂದು, "ಅಮ್ಮಿ, ವಿಮಾನ ನಿಲ್ದಾಣದ ಅಗ್ನಿಶಾಮಕ ಠಾಣೆಯಲ್ಲಿ ನನಗೆ ಒಂದು ತಿಂಗಳ ತರಬೇತಿ ಸಿಕ್ಕಿದೆ" ಎಂದರೆ ನೀವೇನು ಹೇಳುತ್ತೀರಿ?

ಹೊಳೆನರಸೀಪುರದ ನನ್ನ ಗೆಳತಿಯ ಮನೆಯಲ್ಲಿ ಈ ಮಾತು ಬಂದಾಗ ಮನೆಯೇ ಎರಡು ಪಕ್ಷವಾಯಿತು. ಹುಡುಗಿ ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ಅರಕಲಗೂಡಿನ ಅಜ್ಜಿ, "ಬೆಂಕಿಯ ಜೊತೆ ಹೆಣ್ಣುಮಕ್ಕಳಿಗೇನು ಕೆಲಸ?" ಎಂದರು. ಚನ್ನರಾಯಪಟ್ಟಣದ ಖಾಲಾ ಫೋನು ಮಾಡಿ, "ನಾಳೆ ಸಂಬಂಧ ಕೇಳಿ ಬಂದವರಿಗೆ ಏನು ಹೇಳುತ್ತೀರಿ?" ಎಂದು ಕೇಳಿದರು. ಅಬ್ಬಾ ಏನೂ ಹೇಳದೆ ಪತ್ರಿಕೆ ಮಡಚಿಟ್ಟರು.

ಗೆಳತಿ ಮಾತ್ರ ತನ್ನ ಬಲ ಮುಂಗೈಯನ್ನೇ ನೋಡಿಕೊಂಡಳು. ಅಲ್ಲೊಂದು ಸುಟ್ಟ ಕಲೆಯಿದೆ. ಕೆಲವು ವರ್ಷಗಳ ಹಿಂದೆ ರಮಝಾನಿನ ಒಂದು ಸಂಜೆ, ಇಫ್ತಾರಿಗೆ ಸಮೋಸ ಕರಿಯುವಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತ್ತು. ಗಾಬರಿಯಲ್ಲಿ ಅವಳು ಒಂದು ಚೊಂಬು ನೀರು ಸುರಿದಳು. ಬೆಂಕಿ ಆರಲಿಲ್ಲ, ಚಾವಣಿಗೆ ಚಿಮ್ಮಿತು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪುಟ್ಟ ಹುಡುಗಿಯೇ ಈಗ ತರಬೇತಿಗೆ ಹೊರಟು ನಿಂತವಳು. "ಹೋಗಿ ಬರಲಿ" ಎಂದಳು ಗೆಳತಿ. ಮಾತು ಅಲ್ಲಿಗೆ ಮುಗಿಯಿತು.

ತಿಂಗಳು ಮುಗಿಸಿ ಬಂದ ಹುಡುಗಿ ಹೇಳಿದ ಸಂಗತಿಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ನಾವೆಲ್ಲ ತಿಳಿದಂತೆ ಅಲ್ಲಿ ದಿನವೂ ಬೆಂಕಿ ಏಳುವುದಿಲ್ಲ. ವರ್ಷಗಟ್ಟಲೆ ದೊಡ್ಡ ಅವಘಡ ಕಾಣದ ಠಾಣೆಗಳೂ ಇವೆ. ಆದರೂ ಪ್ರತಿ ಪಾಳಿ ಶುರುವಾಗುವಾಗ ಹಾಜರಿ ಕರೆದು, ಯಾರು ಯಾವ ವಾಹನದಲ್ಲಿ ಯಾವ ಕೆಲಸಕ್ಕೆ ಎಂದು ಹಂಚುತ್ತಾರೆ. ಆಮೇಲೆ ವಾಹನಗಳ ಪರೀಕ್ಷೆ. ಎಂಜಿನ್, ಬ್ರೇಕು, ಟೈರು, ನೀರಿನ ಟ್ಯಾಂಕು, ನೊರೆದ್ರಾವಣದ ಟ್ಯಾಂಕು, ಸೈರನ್, ವೈರ್‌ಲೆಸ್ ಎಲ್ಲವನ್ನೂ ನೋಡಿ ಪುಸ್ತಕದಲ್ಲಿ ಬರೆಯಬೇಕು. ತರಬೇತಿಗೆ ಬಂದವರನ್ನು ಬೆಂಕಿಯ ಮುಂದೆ ನಿಲ್ಲಿಸುವುದಿಲ್ಲ. ಅವಳು ಮೊದಲ ವಾರ ಕಲಿತದ್ದು ಈ ಪರೀಕ್ಷೆ ಮತ್ತು ಬರವಣಿಗೆಯನ್ನೇ. "ನಿನ್ನೆ ಸರಿಯಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ ಖಾಲಾ, ಇವತ್ತು ನೋಡಿದೆಯಾ ಎಂದೇ ಕೇಳುತ್ತಾರೆ" ಎಂದಳು.

ಠಾಣೆಯ ಕಣ್ಣು ಕಿವಿ ಎಂದರೆ ಕಾವಲು ಕೋಣೆ. ರನ್‌ವೇ ಕಾಣುವಂತೆ ಅದನ್ನು ಕಟ್ಟಿರುತ್ತಾರೆ. ನಿಯಂತ್ರಣ ಗೋಪುರದಿಂದ ಅಲ್ಲಿಗೆ ನೇರ ದೂರವಾಣಿ ಇರುತ್ತದೆ. ಗೋಡೆಯ ಮೇಲೆ ನಿಲ್ದಾಣದ ನಕ್ಷೆಯನ್ನು ಚೌಕ ಚೌಕವಾಗಿ ವಿಂಗಡಿಸಿ ತೂಗುಹಾಕಿರುತ್ತಾರೆ. ಗೋಪುರದವರು ಚೌಕದ ಗುರುತು ಹೇಳಿದರೆ ಸಾಕು, ವಾಹನ ಯಾವ ಕಡೆ ಓಡಬೇಕೆಂದು ತಿಳಿಯುತ್ತದೆ. ಕರೆಗಳಲ್ಲೂ ದರ್ಜೆಗಳಿವೆ. ಇಳಿಯುವ ವಿಮಾನದಲ್ಲಿ ಸಣ್ಣ ದೋಷದ ಶಂಕೆಯಿದ್ದರೆ ಸಿದ್ಧವಾಗಿ ನಿಲ್ಲಬೇಕು. ಅಪಾಯ ದೊಡ್ಡದೆನಿಸಿದರೆ ಪೂರ್ಣ ತುರ್ತು. ಆಗ ಊರಿನ ಅಗ್ನಿಶಾಮಕ ದಳ, ಆಸ್ಪತ್ರೆ, ಪೊಲೀಸರಿಗೂ ಸುದ್ದಿ ಹೋಗುತ್ತದೆ.

ಅಲ್ಲಿಯ ಎಲ್ಲ ಕೆಲಸವೂ ಮೂರು ನಿಮಿಷ ಎಂಬ ಒಂದು ಲೆಕ್ಕಕ್ಕೆ ಕಟ್ಟುಬಿದ್ದಿದೆ. ಕರೆ ಬಂದ ಮೂರು ನಿಮಿಷದೊಳಗೆ ಮೊದಲ ವಾಹನ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಚಿಮ್ಮಲು ತೊಡಗಬೇಕು. ಎರಡೇ ನಿಮಿಷದಲ್ಲಿ ಸಾಧ್ಯವಾದರೆ ಇನ್ನೂ ಒಳ್ಳೆಯದು. ಇದು ಅಂತರರಾಷ್ಟ್ರೀಯ ನಿಯಮ. ಇಷ್ಟು ಅವಸರವೇಕೆ? ವಿಮಾನದ ರೆಕ್ಕೆಗಳಲ್ಲೇ ಇಂಧನವಿರುತ್ತದೆ. ಅದು ಚೆಲ್ಲಿ ಹೊತ್ತಿಕೊಂಡರೆ ಅಲ್ಯೂಮಿನಿಯಂ ಹೊದಿಕೆ ಹೆಚ್ಚು ಹೊತ್ತು ತಡೆಯದು. ಒಳಗಿರುವವರು ಹೊರಬರಲು ದಾರಿ ಉಳಿಸಿಕೊಡುವುದೇ ಈ ಸಿಬ್ಬಂದಿಯ ಮೊದಲ ಕರ್ತವ್ಯ. ವಿಮಾನ ಉಳಿಸುವ ಮಾತು ಆಮೇಲಿನದು.

ಒಂದು ನಿಲ್ದಾಣದಲ್ಲಿ ಎಷ್ಟು ವಾಹನ, ಎಷ್ಟು ನೀರು, ಎಷ್ಟು ನೊರೆ ಇರಬೇಕೆಂಬುದು ಅಲ್ಲಿಗೆ ಬರುವ ವಿಮಾನದ ಉದ್ದ ಮತ್ತು ಅಗಲವನ್ನು ನೋಡಿ ನಿರ್ಧಾರವಾಗುತ್ತದೆ. ಒಟ್ಟು 10 ದರ್ಜೆಗಳಿವೆ. ಒಂದು ವಾಹನ ಕೆಟ್ಟು ನಿಂತರೆ ನಿಲ್ದಾಣದ ದರ್ಜೆಯೇ ಇಳಿದು, ದೊಡ್ಡ ವಿಮಾನಗಳಿಗೆ ಅಡ್ಡಿಯಾಗಬಹುದು. ಶಿವಮೊಗ್ಗದಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ನಮ್ಮ ಹಾಸನದ ಬೂವನಹಳ್ಳಿಯ ನಿಲ್ದಾಣದ ಮಾತನ್ನು ವರ್ಷಗಳಿಂದ ಕೇಳುತ್ತಲೇ ಬಂದಿದ್ದೇವೆ. ಪ್ರಯಾಣಿಕರ ವಿಮಾನ ಇಳಿಯುವ ಜಾಗದಲ್ಲಿ ರನ್‌ವೇಯಷ್ಟೇ ಈ ಠಾಣೆಯೂ ಮುಖ್ಯವೆಂದು ನನಗೆ ಇಷ್ಟು ದಿನ ತಿಳಿದಿರಲಿಲ್ಲ.

ಮಂಗಳೂರನ್ನು ನಾವು ಮರೆಯಲುಂಟೇ? 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು 8 ಮಂದಿ ಮಾತ್ರ. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಮಗನನ್ನು, ಸೊಸೆಯನ್ನು, ಮೊಮ್ಮಕ್ಕಳನ್ನು ಎದುರುಗೊಳ್ಳಲು ಹೋದವರು ಮಯ್ಯಿತ್ತಿನೊಂದಿಗೆ ಮರಳಿದರು. ಬದುಕುಳಿದವರು ಒಡೆದ ವಿಮಾನದ ಬಿರುಕಿನಿಂದ ಹೊರಗೆ ಹಾರಿದವರು. ಮೊದಲು ಓಡಿ ಬಂದವರಲ್ಲಿ ಸುತ್ತಲಿನ ಹಳ್ಳಿಯವರಿದ್ದರು. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿಯೂ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಬಿದ್ದು ತುಂಡಾಯಿತು. 190 ಮಂದಿಯಲ್ಲಿ 21 ಮಂದಿ ತೀರಿಕೊಂಡರು. ಅಲ್ಲಿ ಬೆಂಕಿ ಹಬ್ಬಲಿಲ್ಲ. ಬೆಂಕಿ ಹತ್ತಿದರೆ ಏನು, ಹತ್ತದಿದ್ದರೆ ಏನು ಎಂಬುದನ್ನು ಈ ಎರಡು ಲೆಕ್ಕಗಳು ಹೇಳುತ್ತವೆ.

ಈಗ ಗೆಳತಿಯ ಕಲೆಯ ವಿಷಯಕ್ಕೆ ಬರೋಣ. ವಿಮಾನದ ಇಂಧನದ ಬೆಂಕಿಗೆ ಬರೀ ನೀರು ಏಕೆ ಸಾಲದು ಎಂದು ಹುಡುಗಿ ಠಾಣೆಯಲ್ಲಿ ಕೇಳಿದಳಂತೆ. ಇಂಧನ ನೀರಿಗಿಂತ ಹಗುರ. ನೀರು ಕೆಳಗಿಳಿದು, ಇಂಧನ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆ. ನೊರೆ ಮಾತ್ರ ಅದರ ಮೇಲೆ ಹೊದಿಕೆಯಂತೆ ಹಾಸಿ, ಗಾಳಿ ತಾಗದಂತೆ, ಆವಿ ಏಳದಂತೆ ತಡೆಯುತ್ತದೆ. ಬಾಣಲೆಯ ಎಣ್ಣೆಯ ಕಥೆ ಇದಕ್ಕಿಂತ ಭೀಕರ. ಕುದಿಯುವ ಎಣ್ಣೆಯ ತಳ ಸೇರಿದ ನೀರು ಕ್ಷಣದಲ್ಲಿ ಆವಿಯಾಗಿ ಸುಮಾರು 1700 ಪಟ್ಟು ಉಬ್ಬುತ್ತದೆ. ಆ ಆವಿ ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಎಸೆಯುತ್ತದೆ. "ಅಮ್ಮಿ, ನಿನ್ನ ತಪ್ಪಲ್ಲ. ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದು ಮಗಳು ಹೇಳಿದಾಗ ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಗಾದರೆ ಸಹೋದರಿಯರೇ, ಇದನ್ನು ಇಂದೇ ಮನೆಯಲ್ಲಿ ಎಲ್ಲರಿಗೂ ಹೇಳಿಕೊಡಿ. ಬಾಣಲೆಗೆ ಬೆಂಕಿ ಹತ್ತಿದರೆ ಕೈಗೆಟಕುವಂತಿದ್ದರೆ ಒಲೆ ಆರಿಸಿ. ಅಗಲವಾದ ಲೋಹದ ಮುಚ್ಚಳವನ್ನು ಬದಿಯಿಂದ ಜಾರಿಸಿ ಮುಚ್ಚಿ. ತಣಿಯುವವರೆಗೆ ತೆರೆಯಬೇಡಿ, ಬಾಣಲೆಯನ್ನು ಎತ್ತಿ ಓಡಬೇಡಿ. ಬೆಂಕಿ ಕೈಮೀರಿದರೆ ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಿ. ಗ್ಯಾಸ್ ಸೋರಿಕೆಗೆ 1906. ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ, ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟ ಜಾಗವನ್ನು 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟು, ಶಾಯಿ, ಬೆಣ್ಣೆ ಹಚ್ಚುವ ಪದ್ಧತಿಯನ್ನು ಬಿಟ್ಟುಬಿಡಿ.

ಇನ್ನು ಅಜ್ಜಿಯ ಪ್ರಶ್ನೆ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಸೇರಿದಾಗ ಅಲ್ಲಿ ಬೇರೆ ಹುಡುಗಿಯರೇ ಇರಲಿಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 2018ರಲ್ಲಿ ತಾನಿಯಾ ಸನ್ಯಾಲ್ ಮೊದಲ ಮಹಿಳಾ ಅಗ್ನಿಶಾಮಕ ಸಿಬ್ಬಂದಿಯಾಗಿ ಆಯ್ಕೆಯಾದರು. ದಾರಿ ತೆರೆದಿದೆ. ಓದು, ಚಾಲನಾ ಪರವಾನಗಿ, ಗಟ್ಟಿಯಾದ ದೇಹ, ಇವು ಬೇಕು.

ಹುಡುಗಿ ಮೊನ್ನೆ ಅರಕಲಗೂಡಿಗೆ ಹೋಗಿ ಅಜ್ಜಿಯ ಒಲೆಯ ಪಕ್ಕದಲ್ಲೇ ಒಂದು ದೊಡ್ಡ ಮುಚ್ಚಳ ತೂಗುಹಾಕಿ ಬಂದಳಂತೆ. "ದಿನಕ್ಕೆ ಮೂರು ಹೊತ್ತು ಬೆಂಕಿಯ ಮುಂದೆ ನಿಲ್ಲುವವರು ಯಾರು ನಾನಿ?" ಎಂದು ಕೇಳಿದ್ದಕ್ಕೆ ಅಜ್ಜಿ ನಕ್ಕರಂತೆ. ಚನ್ನರಾಯಪಟ್ಟಣದ ಖಾಲಾ ಇನ್ನೂ ಒಪ್ಪಿಲ್ಲ. ಆದರೆ ಆ ಮುಚ್ಚಳ ಎಲ್ಲಿ ತಂದದ್ದೆಂದು ಕೇಳಿದ್ದಾರೆ.

ನಿಮ್ಮ ಒಲೆಯ ಪಕ್ಕದಲ್ಲಿ ಮುಚ್ಚಳ ಇದೆಯೇ? ಈ ಪುಟ ಮಡಚುವ ಮೊದಲು ಒಮ್ಮೆ ಎದ್ದು ನೋಡಿ ಬನ್ನಿ.