ನಮ್ಮ ಮರೆವು ಯಾರ ಆದಾಯ?

ಪ್ರತಿ ತಿಂಗಳ ಕೊನೆಯ ವಾರ ನನ್ನ ಮೇಜಿಗೆ ಒಂದು ಪಟ್ಟಿ ಬರುತ್ತದೆ. ಕಂಪನಿಯ ಯಾವ ಗಾಡಿಗೆ ಎಷ್ಟು ದಂಡ ಬಿತ್ತು ಅಂತ. ಅದನ್ನು ಲೆಕ್ಕಕ್ಕೆ ಹಾಕುವುದು ನನ್ನ ಕೆಲಸ. ಕಳೆದ ಬಾರಿ ನಮ್ಮ ಉಳ್ಳಾಲ ಕಡೆಯ ಹುಡುಗನ ವ್ಯಾನಿನ ನಂಬರ್ ಅದರಲ್ಲಿ ಮೂರು ಸಲ ಇತ್ತು. ಮೂರೂ ಪಾರ್ಕಿಂಗ್ ದಂಡ, ತಲಾ 150 ದಿರ್ಹಮ್. ಕೇಳಿದರೆ, "ಗ್ರೋಸರಿಗೆ ಮಾಲು ಇಳಿಸುವ ಗಡಿಬಿಡಿಯಲ್ಲಿ ಮೆಸೇಜ್ ಹಾಕ್ಲಿಕ್ಕೆ ಮರ್ತೇ ಹೋಯ್ತು ಕಾಕಾ" ಅಂದ. ಅವನ ಸಂಬಳ 1,800. ಅದರಲ್ಲಿ 450 ಕಡಿತ. ಆ ತಿಂಗಳು ಊರಿಗೆ ಹೋದ ದುಡ್ಡಿನಲ್ಲಿ ಅಷ್ಟು ಕಮ್ಮಿ.

ತಪ್ಪು ಅವನದ್ದೇ, ಅವನೂ ಒಪ್ಪುತ್ತಾನೆ. ದಂಡವೇ ಬೇಡ ಅಂತ ನಾನು ಹೇಳುವುದಿಲ್ಲ. ದಂಡದ ಹೆದರಿಕೆ ಇಲ್ಲದಿದ್ದರೆ ದೇರಾದಂಥ ಕಡೆ ಒಂದೇ ಕಾರು ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿ ಮುಂದೆ ನಿಂತಿರುತ್ತದೆ, ಮಾಲು ಇಳಿಸಲು ಬಂದವನಿಗೆ ಜಾಗವೇ ಸಿಗುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಆ ಹಣ ಯಾರ ಪುಸ್ತಕದಲ್ಲಿ, ಯಾವ ಹೆಸರಿನಲ್ಲಿ ಜಮೆಯಾಗುತ್ತದೆ?

ಇಲ್ಲಿ 2023ರಿಂದ ಜಾರಿಗೆ ಬಂದ ಕಾರ್ಪೊರೇಟ್ ತೆರಿಗೆಯ ಕಾನೂನಿನಲ್ಲಿ ಒಂದು ನಿಯಮವಿದೆ. ಕಂಪನಿ ಕಟ್ಟಿದ ದಂಡವನ್ನು ಖರ್ಚು ಅಂತ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳುವಂತಿಲ್ಲ. ಬಾಡಿಗೆ, ಸಂಬಳ, ಪೆಟ್ರೋಲು ಖರ್ಚು, ದಂಡ ಹಾಗಲ್ಲ. ಇದು ಸರಿಯಾದ ನಿಯಮ. ಆದರೆ ಅದೇ ದಂಡ ಪಡೆಯುವವರ ಪುಸ್ತಕದಲ್ಲಿ ಮಾಮೂಲಿ ಆದಾಯ. ದುಬೈಯ ಸಾರ್ವಜನಿಕ ಪಾರ್ಕಿಂಗ್ ನೋಡಿಕೊಳ್ಳುವ ಪಾರ್ಕಿನ್ ಕಂಪನಿ ಮಾರ್ಚ್ 2024ರಲ್ಲಿ ಷೇರುಪೇಟೆಗೆ ಬಂತು. 49 ವರ್ಷಗಳ ಗುತ್ತಿಗೆ ಅದರ ಕೈಯಲ್ಲಿದೆ. 2024ರಲ್ಲಿ ಅದರ ಆದಾಯದ ಸುಮಾರು ಕಾಲು ಭಾಗ ದಂಡದಿಂದಲೇ ಬಂತು. ಇದರಲ್ಲಿ ಗುಟ್ಟೇನಿಲ್ಲ, ಅವರ ವರದಿಯಲ್ಲೇ ಪ್ರತ್ಯೇಕವಾಗಿ ಕಾಣುತ್ತದೆ.

ತೊಂದರೆ ಎಲ್ಲಿ ನೋಡಿ. ಪಾರ್ಕಿಂಗ್ ಶುಲ್ಕ ಬಳಕೆಯಿಂದ ಬೆಳೆಯುತ್ತದೆ, ದಂಡ ತಪ್ಪಿನಿಂದ. ಎಲ್ಲರೂ ಸಮಯಕ್ಕೆ ಸರಿಯಾಗಿ ಹಣ ಕಟ್ಟಿದರೆ ದಂಡದ ಸಾಲು ಸೊನ್ನೆಗೆ ಇಳಿಯಬೇಕು. ಅದೇ ದಂಡದ ಯಶಸ್ಸು. ಆದರೆ ಷೇರು ಕೊಂಡವನಿಗೆ ವರ್ಷದಿಂದ ವರ್ಷಕ್ಕೆ ಲಾಭ ಏರಬೇಕು. ನಾವು ಸುಧಾರಿಸಿದಷ್ಟೂ ಅವರ ಪುಸ್ತಕದಲ್ಲಿ ನಷ್ಟ! ಸಮಯ ಮುಗಿಯುವ 10 ನಿಮಿಷ ಮುಂಚೆ ಇಲ್ಲಿ ಮೊಬೈಲಿಗೆ ಸಂದೇಶ ಬರುತ್ತದೆ, ಭಾನುವಾರ ಪಾರ್ಕಿಂಗ್ ಉಚಿತ. ಇವು ಒಳ್ಳೆಯ ಕ್ರಮಗಳು. ಆದರೂ ನಾಳೆ ಹೊಸ ಕ್ಯಾಮೆರಾ ಬೇಕೋ, ಮಾಲು ಇಳಿಸಲು ಹೊಸ ಜಾಗ ಬೇಕೋ ಅನ್ನುವ ಪ್ರಶ್ನೆ ಬಂದರೆ ಲೆಕ್ಕ ಯಾವ ಕಡೆ ವಾಲುತ್ತದೆ ಅಂತ ಹೇಳಲು ಬಿ.ಕಾಂ. ಬೇಕಾಗಿಲ್ಲ.

ಇದಕ್ಕೆ ಬೇರೆ ದಾರಿ ಇದೆ. ಇಂಗ್ಲೆಂಡಿನಲ್ಲಿ 1984ರ ಕಾನೂನಿನ ಪ್ರಕಾರ ರಸ್ತೆಬದಿ ಪಾರ್ಕಿಂಗಿನ ಶುಲ್ಕ, ದಂಡ ಎರಡಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು. ಉಳಿದ ಹಣ ಪಾರ್ಕಿಂಗ್, ರಸ್ತೆ, ಸಾರ್ವಜನಿಕ ಸಾರಿಗೆಯಂಥ ಕೆಲಸಗಳಿಗೆ ಮಾತ್ರ. ಲಂಡನ್ನಿನ ಬಾರ್ನೆಟ್ ಕೌನ್ಸಿಲ್ ಅಲ್ಲಿನ ನಿವಾಸಿಗಳ ವರ್ಷದ ಪರ್ಮಿಟನ್ನು 40 ಪೌಂಡಿನಿಂದ 100ಕ್ಕೆ ಏರಿಸಿದಾಗ ಜನ ಕೋರ್ಟಿಗೆ ಹೋದರು. ಆದಾಯ ಹೆಚ್ಚಿಸಲು ಪಾರ್ಕಿಂಗ್ ಅಧಿಕಾರವನ್ನು ಬಳಸುವಂತಿಲ್ಲ ಅಂತ 2013ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಕೇಸು ಪರ್ಮಿಟಿನದ್ದು, ಆದರೆ ದಂಡಕ್ಕೂ ಅದೇ ನ್ಯಾಯ ಅನ್ವಯಿಸಬೇಕು.

ನಮ್ಮ ಊರಿನ ಕಥೆ ಇನ್ನೊಂದು ಬಗೆ. ಫೆಬ್ರವರಿ 2023ರಲ್ಲಿ ಕರ್ನಾಟಕ ಸರಕಾರ ಸಂಚಾರ ದಂಡದ ಬಾಕಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅದನ್ನು ಸಾಧನೆ ಅಂತ ಹೊಗಳಿದವರಿದ್ದಾರೆ. ನನಗೆ ಕಂಡದ್ದು ಬಟ್ಟೆ ಅಂಗಡಿಯ ರಿಯಾಯಿತಿ ಮಾರಾಟ. ಕಾದು ಕುಳಿತವನಿಗೆ ಅರ್ಧ, ಕೂಡಲೇ ಕಟ್ಟಿದವನಿಗೆ ಪೂರ್ತಿ ಅಂದರೆ ಅದರಲ್ಲಿ ಶಿಸ್ತು ಎಲ್ಲಿ ಉಳಿಯಿತು?

ನಗರಗಳು ದಂಡದ ಹಣವನ್ನು ಬೇರೆ ಡಬ್ಬಿಯಲ್ಲಿ ಇಡಲಿ. ಯಾವ ರಸ್ತೆಯಲ್ಲಿ ದಂಡ ಹೆಚ್ಚು ಬೀಳುತ್ತದೋ ಅಲ್ಲೇ ಮಾಲು ಇಳಿಸುವ ಜಾಗಕ್ಕೆ, ದೊಡ್ಡ ಫಲಕಕ್ಕೆ ಅದನ್ನು ಖರ್ಚು ಮಾಡಲಿ. ಅದು ನಮ್ಮ ಕೈಯಲ್ಲಿಲ್ಲ, ಸರಿ. ನಮ್ಮ ಕೈಯಲ್ಲಿ ಇರುವುದೂ ಇದೆ. ದಿನಕ್ಕೆ 20 ಅಂಗಡಿ ಮುಗಿಸು ಅಂತ ಪಟ್ಟಿ ಕೊಡುವವರು ಆಫೀಸಿನವರು, ದಂಡ ಕಟ್ಟುವವನು ಡ್ರೈವರ್. ಇದನ್ನು ನಾನು ನಮ್ಮ ಆಫೀಸಿನಲ್ಲಿ ಹೇಳಿದ್ದೇನೆ. ನಿಮ್ಮಲ್ಲಿ ಅಕೌಂಟ್ಸ್ ನೋಡುವವರು, ಸೂಪರ್‌ವೈಸರ್ ಆಗಿರುವವರು ನೀವೂ ಹೇಳಿ. ಗಾಡಿ ಓಡಿಸುವ ಸಹೋದರರೇ, ಸಂಬಳದಲ್ಲಿ ಕಡಿತ ಕಂಡರೆ ಯಾವ ದಿನದ, ಯಾವ ದಂಡ ಅಂತ ಪ್ರತಿ ಕೇಳಿ ತೆಗೆದುಕೊಳ್ಳಿ. ಕಾರಣ ಎಷ್ಟೇ ಇರಲಿ, ಒಟ್ಟು ಕಡಿತ ಸಂಬಳದ ಅರ್ಧ ಮೀರಬಾರದು ಅಂತ ಇಲ್ಲಿನ ಕಾರ್ಮಿಕ ಕಾನೂನೇ ಹೇಳುತ್ತದೆ. ಕೇಳುವುದಕ್ಕೆ ನಾಚಿಕೆ ಬೇಡ. ಅದು ನಿಮ್ಮ ಬೆವರಿನ ದುಡ್ಡು.